ಮುಖಜ ಮೀಮಾಂಸೆ

ಡೆಲ್ಟಾ ಎಂಬುದಕ್ಕೆ 'ನದೀಮುಖಜ ಭೂಮಿ' ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೇ ಆಗಿರಲಿ, ಈ ಶಾಸ್ತ್ರದ ಮೊದಲ ನಮಸ್ಕಾರ ಅವನಿಗೆ. ಗ್ರೀಕರು ನೈಲ್ ನದಿಯ ತುದಿ ನೋಡಿದರು, ತಮ್ಮ ಅಕ್ಷರಮಾಲೆಯ ಮುಕ್ಕೋನದ ಅಕ್ಷರವೊಂದನ್ನು ಅದಕ್ಕೆ ಅಂಟಿಸಿ ಕೈತೊಳೆದುಕೊಂಡರು. ನಮ್ಮವರು ಆಕಾರ ನೋಡಲಿಲ್ಲ, ಹುಟ್ಟು ನೋಡಿದರು. ಮುಖದಿಂದ ಹುಟ್ಟಿದ್ದು ಮುಖಜ, ಬಾಯಿಂದ ಬಿದ್ದ ನೆಲ. ಈ ವ್ಯುತ್ಪತ್ತಿಯ ಆಳ ಗ್ರಂಥಕಾರನಿಗೆ ತಿಳಿದದ್ದು ಒಂದು ಫೆಬ್ರುವರಿಯ ಮೊದಲ ವಾರ. ತಿರುಚಿರಾಪಳ್ಳಿಯಿಂದ ಪೂಂಪುಹಾರ್‌ವರೆಗೆ ಕಾವೇರಿಯ ಬೆನ್ನು ಹತ್ತಿ, ಕಾರು, ಡ್ರೈವರ್, ಗೈಡ್ ಎಲ್ಲ ಸೇರಿಸಿ ಒಂದೇ ದಿನದ ಬಾಡಿಗೆಗೆ ಮಾತಾಡಿಕೊಂಡು ಹೊರಟಿದ್ದಾಗ. ಆ ಸೀಮೆಯಲ್ಲಿ ನೆಲ ಹುಟ್ಟಿದ್ದು ನದಿಯ ಬಾಯಿಂದ, ಮಿಕ್ಕದ್ದೆಲ್ಲ ಗೈಡಿನ ಬಾಯಿಂದ.

ಶಾಸ್ತ್ರವೆಂದ ಮೇಲೆ ಲಕ್ಷಣಸೂತ್ರ ಬೇಕು. ಅದು ಹೀಗಿದೆ: ಏಕಂ ಕಾರು, ದ್ವೌ ಯಾತ್ರಿಕೌ, ಅನಂತಾ ವಾಚಃ. ಇನ್ನು ಭಾಷ್ಯ. 'ಏಕಂ ಕಾರು' ಎಂದದ್ದರಿಂದ ಬಸ್ಸಿನ ಯಾತ್ರೆ ನಿವಾರಣೆಯಾಯಿತು. 'ದ್ವೌ' ಎಂದದ್ದರಿಂದ, ಹೇಗೂ ಹಿಂದಿನ ಸೀಟು ಖಾಲಿ ಇದೆಯಲ್ಲ ಎಂದು ಬೆಳಗಿನ ಜಾವ ಬ್ಯಾಗು ಹಿಡಿದು ನಿಲ್ಲುವ ಷಡ್ಡಕ ದಂಪತಿಗಳು ನಿವಾರಣೆಯಾದರು. 'ಅನಂತಾ ವಾಚಃ' ಎಂದದ್ದರಿಂದ ಡ್ರೈವರೂ ನಿವಾರಣೆಯಾದ. ಆ ಮಹಾನುಭಾವ ಹನ್ನೆರಡು ಗಂಟೆಯಲ್ಲಿ ಆಡಿದ್ದು ಮೂರು ಮಾತು, ಮೂರೂ 'ಟೀ?' ಎಂಬುದೇ. ಗ್ರಂಥಕಾರನ ಧರ್ಮಪತ್ನಿ ಈ ಶಾಸ್ತ್ರಕ್ಕೆ ವ್ಯಾಖ್ಯಾನ ಮಾಡಿದವಳು. ಅವಳ ಅಭಿಪ್ರಾಯಗಳನ್ನು ಮುಂದೆ 'ಪಕ್ಷಾಂತರ' ಎಂಬ ಹೆಸರಿನಲ್ಲಿ ಕೊಟ್ಟಿದೆ. ಆ ಪದಕ್ಕೆ ವಿಧಾನಸೌಧದಲ್ಲಿರುವ ಅರ್ಥ ಇಲ್ಲಿ ಗ್ರಾಹ್ಯವಲ್ಲ.

ಪ್ರಮಾಣಗಳು ಆರು. ಪ್ರತ್ಯಕ್ಷಕ್ಕೆ ಕಾರಿನ ಕಿಟಕಿ ಸಾಕು. ಅನುಮಾನ ಎಂದರೆ, ರಸ್ತೆಯ ಅರ್ಧ ಅಗಲಕ್ಕೆ ಭತ್ತ ಹರವಿದ್ದರೆ ಸಾಂಬಾ ಬೆಳೆಯ ಕೊಯ್ಲು ನಡೆದಿದೆ ಎಂದು ತಿಳಿಯುವುದು. ಹೊಗೆ ಕಂಡರೆ ಬೆಂಕಿ ಎಂದ ಹಾಗೆ. ಸರ್ಕಾರಿ ಖರೀದಿ ಕೇಂದ್ರದ ಮುಂದೆ ಟಾರ್ಪಾಲು ಹೊದ್ದ ಮೂಟೆಗಳು ಬೆಟ್ಟವಾಗಿ ಕೂತಿದ್ದರೆ ಲಾರಿ ಬಂದಿಲ್ಲವೆಂದು ತಿಳಿಯುವುದೂ ಇದರಲ್ಲೇ ಸೇರುತ್ತದೆ. ಶಬ್ದಪ್ರಮಾಣವೆಂದರೆ ಗೈಡ್. ಉಪಮಾನ, ಅರ್ಥಾಪತ್ತಿಗಳಿಗೆ ಕೆಲಸ ಬೀಳಲಿಲ್ಲ. ಆರನೆಯದಾದ ಅನುಪಲಬ್ಧಿಗೆ ಮಾತ್ರ ದಿನವಿಡೀ ಬಿಡುವಿರಲಿಲ್ಲ. ಇಲ್ಲದ್ದನ್ನು ಇಲ್ಲವೆಂದು ತಿಳಿಯುವುದು ಅನುಪಲಬ್ಧಿ. ನೆಲದ ಮೇಲೆ ಕೊಡವಿಲ್ಲ ಎಂಬುದು ಇದಕ್ಕೆ ಪಂಡಿತರು ತಲೆತಲಾಂತರದಿಂದ ಕೊಡುತ್ತ ಬಂದ ಉದಾಹರಣೆ. ಮೆಟ್ಟೂರು ಅಣೆಕಟ್ಟಿನ ಬಾಗಿಲನ್ನು ವಾಡಿಕೆಯಂತೆ ಜೂನ್ 12ಕ್ಕೆ ತೆರೆಯುತ್ತಾರೆ, ಜನವರಿ 28ಕ್ಕೆ ಮುಚ್ಚುತ್ತಾರೆ. ನಾವು ಹೋದದ್ದು ಮುಚ್ಚಿದ ಮೇಲೆ. ತಿರುವೈಯಾರಿನ ಹತ್ತಿರ ಒಂದು ಸೇತುವೆಯ ಮೇಲೆ ಕಾರು ನಿಂತಿತು. ಕೆಳಗೆ ಮರಳು, ಮರಳಿನ ನಡುವೆ ಒಂದು ಎಳೆ ತೇವ, ತೇವದಲ್ಲಿ ಒಂದು ಕೊಕ್ಕರೆ. ಹೊಳೆಯ ಹೆಸರು ಕುಡಮುರುಟ್ಟಿ, ಅಂದರೆ ಕೊಡ ಉರುಳಿಸುವವಳು. ಬಗ್ಗಿ ನೋಡಿದೆವು. ನೀರೂ ಇರಲಿಲ್ಲ, ಕೊಡವೂ ಇರಲಿಲ್ಲ. ತರ್ಕಶಾಸ್ತ್ರದ ಉದಾಹರಣೆಯೊಂದು ಇಷ್ಟು ಅಚ್ಚುಕಟ್ಟಾಗಿ ಕಣ್ಣಮುಂದೆ ಬಿದ್ದದ್ದನ್ನು ಗ್ರಂಥಕಾರ ಬೇರೆಲ್ಲೂ ಕಂಡಿಲ್ಲ.

ಆದರೆ ನದಿಗಳ ವರ್ಗೀಕರಣವನ್ನು ಇಲ್ಲಿಂದ ಶುರುಮಾಡಬಾರದು, ಕಲ್ಲಣೈಯಿಂದ ಶುರುಮಾಡಬೇಕು. ಕಲ್ಲು ಮತ್ತು ಅಣೆ. ಕನ್ನಡಿಗನಿಗೆ ನಿಘಂಟು ಬೇಡ. ಬ್ರಿಟಿಷರಿಗೆ ಬೇಕಾಯಿತು, ಹಾಗಾಗಿ ಅವರು ಅಣೆಕಟ್ಟನ್ನು 'ಅನಿಕಟ್' ಮಾಡಿ ತಮ್ಮ ನಿಘಂಟಿಗೆ ಸೇರಿಸಿಕೊಂಡರು. ಕಾವೇರಿ ತಿರುಚಿಗೆ ಸ್ವಲ್ಪ ಮೇಲೆ, ಮುಕ್ಕೊಂಬಿನಲ್ಲಿ, ಎರಡಾಗುತ್ತಾಳೆ. ಉತ್ತರದ ಕವಲು ಕೊಳ್ಳಿಡಂ, ದಕ್ಷಿಣದ್ದು ಕಾವೇರಿಯೇ. ನಡುವಿನ ದ್ವೀಪದಲ್ಲಿ ಶ್ರೀರಂಗ. ಶ್ರೀರಂಗಪಟ್ಟಣದ ಆದಿರಂಗನನ್ನೂ ಶಿವನಸಮುದ್ರದ ಮಧ್ಯರಂಗನನ್ನೂ ನೋಡಿಕೊಂಡು ಬಂದವರಿಗೆ ಅಂತ್ಯರಂಗ. ದ್ವೀಪ ದಾಟಿದ ಮೇಲೆ ಎರಡು ಕವಲೂ ಮತ್ತೆ ಒಂದಕ್ಕೊಂದು ಹತ್ತಿರ ಬರುತ್ತವೆ. ಕೊಳ್ಳಿಡದ ಪಾತ್ರ ತಗ್ಗು, ಕಾವೇರಿಯದು ಎತ್ತರ. ನೀರಿನ ಸ್ವಭಾವ ಹೇಳಬೇಕಿಲ್ಲ, ತಗ್ಗಿನ ಕಡೆಗೆ ಓಡಿಹೋಗುತ್ತದೆ. ಹಾಗೆ ಓಡಿಹೋದರೆ ತಂಜಾವೂರಿನ ಗದ್ದೆಗಳ ಗತಿ? ಅದಕ್ಕೇ ಆ ತಿರುವಿನಲ್ಲಿ ಒರಟು ಕಲ್ಲುಗಳನ್ನು ಅಂಕುಡೊಂಕಾಗಿ ಜೋಡಿಸಿ 329 ಮೀಟರ್ ಉದ್ದದ ಅಡ್ಡಗೋಡೆ ಹಾಕಿದರು. ಬೇಕಾದ ನೀರು ಕಾವೇರಿಯಲ್ಲೇ ಉಳಿಯಬೇಕು, ಹೆಚ್ಚಾದ ಪ್ರವಾಹ ಕೊಳ್ಳಿಡಕ್ಕೆ ಉರುಳಬೇಕು. ಕಟ್ಟಿಸಿದವನು ಕರಿಕಾಲ ಚೋಳ ಎಂಬುದು ಪ್ರತೀತಿ, ಸುಮಾರು ಎರಡನೆಯ ಶತಮಾನ. ಅಲ್ಲೀಗ ಅವನು ಆನೆಯ ಮೇಲೆ ಕೂತ ಪ್ರತಿಮೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆರ್ಥರ್ ಕಾಟನ್ ಬಂದು, ಮರಳಿನ ಮೇಲೆ ಅಡಿಪಾಯ ಹೇಗೆ ನಿಲ್ಲುತ್ತದೆಂಬುದನ್ನು ಈ ಗೋಡೆಯಿಂದಲೇ ಕಲಿತ. 1836ರಿಂದ 1838ರೊಳಗೆ ಮುಕ್ಕೊಂಬಿನಲ್ಲಿ ಮೇಲಣೆ ಕಟ್ಟಿದ. ಅದೇ ಪಾಠವನ್ನು ಗೋದಾವರಿಗೂ ಒಯ್ದ. ಕಲಿಸಿದವರಿಗೆ ಫೀಸು ಸಿಕ್ಕ ದಾಖಲೆ ಗ್ರಂಥಕಾರನಿಗೆ ಕಂಡಿಲ್ಲ.

ಕಲ್ಲಣೈಯಲ್ಲಿ ಕಾವೇರಿ, ವೆಣ್ಣಾರು, 1934ರ ಹೊಸ ಕಾಲುವೆ ಎಂದು ಮತ್ತೆ ಕವಲು. ವೆಣ್ಣಾರಿನಿಂದ ವೆಟ್ಟಾರು, ಕಾವೇರಿಯಿಂದ ಕುಡಮುರುಟ್ಟಿ, ಅರಸಲಾರು, ಹೀಗೆ ಹರಡುತ್ತದೆ. ತಂಜಾವೂರಿನಿಂದ ತಿರುವೈಯಾರಿಗೆ ಹೋಗುವ ಹತ್ತು-ಹದಿಮೂರು ಕಿಲೋಮೀಟರಿನಲ್ಲಿ ಐದು ಸೇತುವೆ ದಾಟಬೇಕು. ಊರಿನ ಹೆಸರೇ ತಿರು-ಐ-ಆರು, ಅಂದರೆ ಐದು ಹೊಳೆ. ಮೇಲೆ ಹುಟ್ಟುವ ನದಿಗೆ ಉಪನದಿಗಳು ಬಂದು ಸೇರುತ್ತವೆ. ಹೇಮಾವತಿ ಬಂದಳು, ಕಪಿಲೆ ಬಂದಳು ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಇಲ್ಲಿ ಲೆಕ್ಕ ತಿರುಗುಮುರುಗು. ಕೂಡುವುದು ಮುಗಿದು ಭಾಗಾಕಾರ ಶುರುವಾಗಿರುತ್ತದೆ. ವರ್ಗೀಕರಣ ಮಾಡಲೆಂದು ಹೊರಟವನಿಗೆ ನದಿಯೇ ಮುಂದೆ ಮುಂದೆ ತನ್ನನ್ನು ವರ್ಗೀಕರಿಸಿಕೊಳ್ಳುತ್ತ ಹೋಗುವುದನ್ನು ನೋಡಿ ಸ್ವಲ್ಪ ನಾಚಿಕೆಯೂ ಆಯಿತು.

ಈಗ ಗೈಡ್‌ಗಳ ಪ್ರಕರಣ. ನಮ್ಮ ಕೆರೆ ಬಯಲುಗಳಲ್ಲಿ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ತೂಬು ಯಾವಾಗ ಎಂಬುದೆಲ್ಲ ಅವನ ಕೈಯಲ್ಲಿ. ಗೈಡ್ ಎಂಬವನು ಸಂಗತಿಗಳ ನೀರುಗಂಟಿ. ಆದ್ದರಿಂದ ತೂಬಿನ ಸ್ಥಿತಿಯನ್ನು ಅನುಸರಿಸಿ ಅವನು ಮೂರು ಬಗೆ: ಮುಚ್ಚುತೂಬು, ಹದತೂಬು, ಒಡೆತೂಬು. ಮುಚ್ಚುತೂಬಿನವನು 'ಇದು ದೇವಸ್ಥಾನ ಸಾರ್' ಎಂದು ಹೇಳಿ ಚಪ್ಪಲಿ ಕಾಯುತ್ತಾನೆ. ಹದತೂಬಿನವನು ಗ್ರಂಥಗಳಲ್ಲಿ ಮಾತ್ರ ಸಿಗುತ್ತಾನೆ. ನಮಗೆ ಸಿಕ್ಕಿದ್ದು ಮೂರನೆಯವನು. 2018ರ ಆಗಸ್ಟಿನಲ್ಲಿ ಮುಕ್ಕೊಂಬಿನ ಕೊಳ್ಳಿಡಂ ಅಣೆಯ ಒಂಬತ್ತು ಗೇಟುಗಳು ಪ್ರವಾಹಕ್ಕೆ ಕೊಚ್ಚಿಹೋದವು. ಅದನ್ನು ಆತ ವರ್ಣಿಸಿದ ರಭಸ ನೋಡಿದರೆ ಹತ್ತನೆಯ ಗೇಟು ಅವನೇ ಇರಬೇಕು ಅನ್ನಿಸಿತು. ನಾಲ್ಕು ವರ್ಷ ಕಲಾಸಿಪಾಳ್ಯದಲ್ಲಿ ಕೆಲಸ ಮಾಡಿದ್ದನಂತೆ, ಹಾಗಾಗಿ ಅವನ ತಮಿಳಿನ ನಡುವೆ ನಮಗೆ ಹಿಡಿದು ನಿಲ್ಲಲು ಕನ್ನಡದ ಕಂಬಗಳಿದ್ದವು. ತಂಜಾವೂರಿನ ದೊಡ್ಡ ದೇವಸ್ಥಾನದ ಮುಂದೆ ಕಾರು ನಿಲ್ಲಿಸಲು ಸಮಯವಿಲ್ಲ ಎಂದ. 1010ರಲ್ಲಿ ರಾಜರಾಜ ಚೋಳ ಮುಗಿಸಿದ ಆ ವಿಮಾನದ ನೆರಳು ನೆಲಕ್ಕೆ ಬೀಳುವುದೇ ಇಲ್ಲ ಎಂದು ಹೇಳಲು ಮಾತ್ರ ಸಮಯವಿತ್ತು. ಗ್ರಂಥಕಾರ ಹಿಂದೊಮ್ಮೆ ಮಧ್ಯಾಹ್ನ ಮೂರು ಗಂಟೆಗೆ ಅದೇ ನೆರಳಿನಲ್ಲಿ ಕೂತು ಮೊಸರನ್ನ ತಿಂದಿದ್ದಾನೆ. ಆದರೂ ಬಾಯಿಬಿಡಲಿಲ್ಲ. ಒಡೆತೂಬಿಗೆ ಅಡ್ಡ ನಿಂತವರಿಲ್ಲ.

ತಿರುವೈಯಾರಿನಲ್ಲಿ ಮಾತ್ರ ನಾವು ಅವನನ್ನು ಸ್ವಲ್ಪ ತಡೆದೆವು. ತ್ಯಾಗರಾಜರ ಸಮಾಧಿ ಕಾವೇರಿಯ ದಂಡೆಯಲ್ಲೇ ಇದೆ. 1847ರಲ್ಲಿ ಅವರು ತೀರಿಕೊಂಡ ಮೇಲೆ ಕಾಲಕ್ರಮದಲ್ಲಿ ಆ ಜಾಗ ಪಾಳು ಬಿದ್ದಿತ್ತು. 1920ರ ದಶಕದಲ್ಲಿ ಅದನ್ನು ಹುಡುಕಿಸಿ, ಜಾಗ ಕೊಂಡು, ಸ್ವಂತ ದುಡ್ಡಿನಲ್ಲಿ ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ. ಆಗ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಅದರ ಮುಂದೆ ಹಾಡಲು ಅಪ್ಪಣೆ ಇಲ್ಲ! ಆಕೆ ಹೆಂಗಸರದ್ದೇ ಆರಾಧನೆ ನಡೆಸಿದರು. ಮುಂದೆ ಗಂಡಸರ ಬಣಗಳು ದಾರಿಗೆ ಬಂದವು. ಈಗ ಸಮಾಧಿಯ ಎದುರಿಗೇ ಅವರ ಪ್ರತಿಮೆ ಕೂತಿದೆ. ಗ್ರಂಥಕಾರನ ತಲೆಯಲ್ಲಿ ಒಂದು ಹೊಸ ವರ್ಗ ಸಿದ್ಧವಾಯಿತು: ಮೇಲಿನಿಂದ ಕೆಳಕ್ಕೆ ಬಂದವು. ಕಪಿಲೆ ನಂಜನಗೂಡಿನಿಂದ ಹೊರಟು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ಇಲ್ಲಿಗೆ ಬರುತ್ತಾಳೆ, ನಾಗರತ್ನಮ್ಮನೂ ಬಂದರು. ವ್ಯತ್ಯಾಸವಿಷ್ಟೆ, ಅವರನ್ನು ಬಿಡಬೇಕೋ ಬೇಡವೋ ಎಂದು ಯಾರೂ ಕೋರ್ಟಿಗೆ ಹೋಗಲಿಲ್ಲ. ಅಲ್ಲಿಂದ ಎದ್ದು ಹೆಸರುಬೇಳೆಯ ಅಶೋಕ ಹಲ್ವಾ ತಿಂದೆವು. ತುಪ್ಪ ಮೊಣಕೈವರೆಗೆ ಹರಿಯಿತು. ಆ ದಿನ ನಾವು ಕಂಡ ತುಂಬು ಹರಿವು ಅದೊಂದೇ.

ನಿಲ್ಲುವ ಜಾಗಗಳಲ್ಲಿ ನಾಲ್ಕು ಬಗೆ: ದೃಷ್ಟ, ಶ್ರುತ, ಫೋಟೋಗತ, ಬಂಧುಗತ. ಕೊನೆಯದಕ್ಕೆ ಮಾತ್ರ ವಿವರಣೆ ಬೇಕು. ಗೈಡಿನ ದಾಯಾದಿಯ ಅಂಗಡಿ ಇರುವ ಸ್ಥಳವೇ ಬಂಧುಗತ. ಅಲ್ಲಿ 'ಸುಮ್ಮನೆ ನೋಡಿ ಸಾರ್, ಕೊಳ್ಳಲೇಬೇಕೆಂದಿಲ್ಲ' ಎಂಬ ಮಂಗಳಾಚರಣೆ ತಪ್ಪದೆ ಇರುತ್ತದೆ. ತಲೆಯಾಡಿಸುವ ತಂಜಾವೂರು ಬೊಂಬೆ ಒಂದು ಕಡೆ, ಹಿತ್ತಾಳೆಯ ಡಬರಾ-ಲೋಟ ಇನ್ನೊಂದು ಕಡೆ. ಸ್ವಾಮಿಮಲೈಯಲ್ಲಿ ಪಂಚಲೋಹದ ವಿಗ್ರಹ ಎರೆಯುವ ಮನೆಗೆ ಹೋದಾಗ ಮಾತ್ರ ಇಬ್ಬರೂ ನಿಜವಾಗಿ ಕಣ್ಣರಳಿಸಿದೆವು. ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿ ತಿದ್ದುತ್ತಾರೆ, ಮೇಲೆ ಕಾವೇರಿಯ ನಯವಾದ ಮಣ್ಣನ್ನು ಪದರ ಪದರವಾಗಿ ಮೆತ್ತುತ್ತಾರೆ. ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹೊರಹೋಗುತ್ತದೆ, ಅದು ಬಿಟ್ಟ ಖಾಲಿ ಜಾಗಕ್ಕೆ ಲೋಹ ಸುರಿಯುತ್ತಾರೆ. ಬೆರಳಿನ ಗೆರೆ, ಉಗುರಿನ ಅಂಚು ಎಲ್ಲ ಆ ಮಣ್ಣಿನಲ್ಲಿ ಮೂಡಬೇಕು, ಆದ್ದರಿಂದ ಎಲ್ಲೆಲ್ಲಿಯದೋ ಮಣ್ಣು ಆಗುವುದಿಲ್ಲ. ಅದಕ್ಕೆ ಅವರು ವಂಡಲ್ ಎನ್ನುತ್ತಾರೆ. ನಾವು ಒಂಡು ಎನ್ನುವುದೇ ಇದು.

ಇಲ್ಲಿ ಗ್ರಂಥಕಾರ ಒಂದು ಪೂರ್ವಪಕ್ಷ ಹೂಡಿದ. ಈ ಒಂಡು ಎಲ್ಲಿಯದು? ಕೊಡಗಿನ ಗುಡ್ಡದ್ದು, ಹಾಸನದ ಹೊಲದ್ದು, ಮೈಸೂರು ಸೀಮೆಯದ್ದು. ಸಾವಿರಾರು ವರ್ಷ ನದಿ ಹೊತ್ತು ತಂದು ಇಲ್ಲಿ ಸುರಿದಿದೆ. ಅಂದಮೇಲೆ ಈ ಇಡೀ ಮುಖಜಭೂಮಿ ನ್ಯಾಯವಾಗಿ ನಮ್ಮದು, ಅದರ ಮೇಲೆ ಬೆಳೆದ ಭತ್ತವೂ ನಮ್ಮದು, ಎರೆದ ನಟರಾಜನೂ ನಮ್ಮವನೇ. 'ಹಂಗಾದ್ರೆ ಪಹಣಿ ಮಾಡಿಸ್ಕೊಂಡು ಬನ್ನಿ' ಎಂಬುದು ಪಕ್ಷಾಂತರ. ಪೂರ್ವಪಕ್ಷ ಅಲ್ಲಿಗೆ ಬಿದ್ದುಹೋಯಿತು. ಅದೂ ಅಲ್ಲದೆ ಈಗ ಒಂಡು ಅಷ್ಟಾಗಿ ಇಲ್ಲಿಯವರೆಗೆ ಬರುವುದೂ ಇಲ್ಲ. ಒಂದಷ್ಟು ಕನ್ನಂಬಾಡಿಯಲ್ಲಿ ಕೂತಿದೆ, ಒಂದಷ್ಟು ಮೆಟ್ಟೂರಿನಲ್ಲಿ. ಅಣೆಕಟ್ಟಿನ ಗೇಟಿನಿಂದ ನೀರು ಇಳಿಯುತ್ತದೆ, ಮಣ್ಣು ತಳದಲ್ಲೇ ಮಲಗುತ್ತದೆ. ನೀರಿಗೆ ಟಿಎಂಸಿ ಲೆಕ್ಕವಿದೆ, ಮಣ್ಣಿನ ಪಾಲು ಕೇಳಿದ ವಕೀಲ ಇನ್ನೂ ಹುಟ್ಟಿಲ್ಲ.

ಟಿಎಂಸಿ ಎಂಬ ಮಾತು ಬಂತಲ್ಲ, ಈ ಶಾಸ್ತ್ರದ ಮರ್ಮಸ್ಥಾನ ಇದೇ. ಡೆಲ್ಟಾದಲ್ಲಿ ಟೀ ಕುಡಿಯುವ ಕನ್ನಡಿಗನಿಗೆ 'ಎಂದ ಊರು ಸಾರ್?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರಿಸುವವರಲ್ಲಿ ಕೆಲವು ಪಂಗಡಗಳಿವೆ. ಬೆಂಗಳೂರುವಾದಿಗಳು 'ಬೆಂಗಳೂರು' ಎಂದು ತಪ್ಪಿಸಿಕೊಳ್ಳುತ್ತಾರೆ. ಕೇಳಿದವನ ಭಾವಮೈದುನನೂ ಅಲ್ಲೇ ಇರುವುದರಿಂದ ಮಾತು ಟ್ರಾಫಿಕ್ಕಿನ ಕಡೆಗೆ ತಿರುಗುತ್ತದೆ. ಮಠವಾದಿಗಳು 'ವಿಜಯೀಂದ್ರರ ಬೃಂದಾವನಕ್ಕೆ ಬಂದೆವು' ಎನ್ನುತ್ತಾರೆ. ರಾಯರ ಗುರುಗಳ ಗುರುಗಳು ಕುಂಭಕೋಣದಲ್ಲಿರುವುದು ಇಂಥ ಹೊತ್ತಿನಲ್ಲಿ ದೊಡ್ಡ ಆಸರೆ. ಅಂಕಿವಾದಿಗಳು ಅಪಾಯಕಾರಿ. 2018ರ ಫೆಬ್ರುವರಿ 16ರ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಬಿಡಬೇಕು, ನಮಗೆ ಉಳಿಯುವುದು 284.75 ಎಂದು ಪಾಯಿಂಟು ಸಮೇತ ಹೇಳಿ, ಟೀ ಆರಿ ಹೋಗುವವರೆಗೆ 1924ರ ಒಪ್ಪಂದ, 1892ರ ಒಪ್ಪಂದ ಎಂದು ಹಿಂದಕ್ಕೆ ನಡೆಯುತ್ತಾರೆ. ಗ್ರಂಥಕಾರ ಮಂಡ್ಯದವನು. ಅವನಿಗೆ ಯಾವ ಪಂಗಡವೂ ಆಗಿಬರದು. 'ಮಂಡ್ಯ' ಎಂಬ ಎರಡಕ್ಷರ ಕೇಳಿದರೆ ಸಾಕು, ಪ್ರತಿಭಟನೆಯ ಟಯರು ಕಣ್ಣಮುಂದೆ ಉರಿಯುತ್ತದೆ. ಕುಂಭಕೋಣದ ಹೋಟೆಲಿನಲ್ಲಿ ಎಲೆಯ ಮುಂದೆ ಕೂತಾಗ ಸಾಂಬಾರು ಬಡಿಸುವವನು ಕೇಳಿದ. ಗ್ರಂಥಕಾರ ತಲೆ ತಗ್ಗಿಸಿ ನಿಜ ಹೇಳಿದ. ಬಡಿಸುವವನು ಒಂದು ಗಳಿಗೆ ಸೌಟು ನಿಲ್ಲಿಸಿ, ಆಮೇಲೆ ನೀರಿನ ಲೋಟವನ್ನು ತಾನೇ ತುಂಬಿಸಿ ಮುಂದಿಟ್ಟ. ಇದು ಔದಾರ್ಯವೋ ವ್ಯಂಗ್ಯವೋ ಎಂಬ ಬಗ್ಗೆ ವಿದ್ವಾಂಸರಲ್ಲಿ, ಅಂದರೆ ನಮ್ಮಿಬ್ಬರಲ್ಲಿ, ಒಮ್ಮತವಿಲ್ಲ.

ಅದೇ ಹೋಟೆಲಿನಲ್ಲಿ ಪಕ್ಕದ ಮೇಜಿನ ಕುಟುಂಬ ಬೆಳಿಗ್ಗೆ ಐದಕ್ಕೆ ಹೊರಟು ಒಂದೇ ದಿನದಲ್ಲಿ ನವಗ್ರಹಗಳನ್ನು ಮುಗಿಸುವ ಹಟದಲ್ಲಿತ್ತು. ಚಂದ್ರ ತಿಂಗಳೂರಿನಲ್ಲಿ, ಗುರು ಆಲಂಗುಡಿಯಲ್ಲಿ, ಶುಕ್ರ ಕಂಜನೂರಿನಲ್ಲಿ. ಶನಿಗೆ ತಿರುನಳ್ಳಾರಿಗೆ, ಅಂದರೆ ಪುದುಚೇರಿಯ ಕಾರೈಕಾಲಿಗೆ, ಗಡಿ ದಾಟಬೇಕು. ಸೌರವ್ಯೂಹವನ್ನು ಹದಿನಾಲ್ಕು ಗಂಟೆಯಲ್ಲಿ ಸುತ್ತುವ ಇವರ ಮುಂದೆ ನಮ್ಮ ಒಂದು ನದಿ ಏನು ಮಹಾ. ಊಟದ ಮೇಲೆ ಡಿಗ್ರಿ ಕಾಫಿ. ಅದರ ಬಗ್ಗೆ ಬೇರೆಯವರು ಬರೆದದ್ದೇ ಒಂದು ಗಾಡಿಯಷ್ಟಿದೆ, ಬಿಡೋಣ.

ಮಾಯವರಂ ಕಡೆಗೆ ಹೊರಟಾಗ ಗ್ರಂಥಕಾರ ಒಂದು ಹೆಸರು ಎತ್ತಿದ. ಕೀಳ್ವೆಣ್ಮಣಿಗೆ ಇಲ್ಲಿಂದ ಎಷ್ಟು ದೂರ? ಒಡೆತೂಬು ಮೊದಲ ಸಲ ಮುಚ್ಚಿಕೊಂಡಿತು. 'ಅದು ರೂಟಲ್ಲಿ ಇಲ್ಲ ಸಾರ್' ಎಂದು ಹೇಳಿ ಎಸಿಯ ಗುಂಡಿ ತಿರುವಿದ. 1968ರ ಡಿಸೆಂಬರ್ 25ರ ರಾತ್ರಿ ಆ ಹಳ್ಳಿಯಲ್ಲಿ, ಕೂಲಿ ಹೆಚ್ಚಿಸಿ ಎಂದು ಕೇಳಿದ ದಲಿತರ ಮೇಲೆ ಜಮೀನ್ದಾರರ ಕಡೆಯವರು ಬಿದ್ದರು. ಒಂದು ಗುಡಿಸಲಿನೊಳಗೆ ಅಡಗಿದ್ದ 44 ಜನ, ಹೆಚ್ಚಿನವರು ಹೆಂಗಸರು ಮಕ್ಕಳು, ಸುಟ್ಟುಹೋದರು. ನಿಲ್ಲುವ ಜಾಗಗಳ ಪಟ್ಟಿಗೆ 'ಅನುಕ್ತ' ಎಂಬ ಐದನೆಯ ಬಗೆ ಸೇರಬೇಕು. ಕಿಟಕಿಯಾಚೆ ಗದ್ದೆಗಳು ಹಾಗೆಯೇ ಇದ್ದವು. ಕೊಯ್ದ ಕೂಳೆಯಲ್ಲಿ ಬಾತುಕೋಳಿಗಳ ಹಿಂಡು ಕಾಳು ಆಯುತ್ತಿತ್ತು. ಸ್ವಲ್ಪ ಹೊತ್ತು ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಡ್ರೈವರ್ 'ಟೀ?' ಎಂದ.

ಟೀಗೆ ನಿಲ್ಲಿಸಿದ್ದು ಮೇಲೈಯೂರಿನ ಹತ್ತಿರ. ಹೆಸರಿನಲ್ಲಿ 'ಮೇಲೆ' ಇದ್ದರೂ ಕಾವೇರಿಯ ಕಟ್ಟಕಡೆಯ ಅಡ್ಡಕಟ್ಟೆ ಇರುವುದು ಅಲ್ಲಿ. ಅದನ್ನು ಕಡೈಮಡೈ ಎನ್ನುತ್ತಾರೆ. ನಮ್ಮ ಕಡೆ 'ಕೊನೇ ಭಾಗ' ಎನ್ನುತ್ತೇವೆ. ಬೆಂಚಿನ ಮೇಲೆ ಕೂತಿದ್ದ ಮುದುಕಪ್ಪ ಊರು ಕೇಳಿದ. ಈ ಸಲ ಗ್ರಂಥಕಾರ ಬಾಯಿ ತೆರೆಯುವ ಮೊದಲೇ ಗೈಡ್ ಘೋಷಿಸಿಬಿಟ್ಟ: ಮಂಡ್ಯ, ಕರ್ನಾಟಕ. ಮುದುಕಪ್ಪ ಕೈಯಾಡಿಸಿಬಿಟ್ಟ. ನೀವೇನೋ ದೂರದವರು, ಬಿಡಿ. ಮೆಟ್ಟೂರಿನಿಂದ ಬಂದದ್ದನ್ನೆಲ್ಲ ತಂಜಾವೂರಿನವರು, ಕುಂಭಕೋಣದವರು ಮೇಲೇ ತಿರುಗಿಸಿಕೊಂಡು ಮಿಕ್ಕಿದ್ದು ನಮಗೆ ಬಿಡುತ್ತಾರೆ. ಬಾಗಿಲು ತೆರೆದು ಎಷ್ಟು ದಿನವಾದ ಮೇಲೆ ಇಲ್ಲಿಗೆ ನೀರು ಮುಟ್ಟುತ್ತದೆ ಗೊತ್ತಾ ಎಂದು ಶುರುಮಾಡಿದವನು ಟೀ ಮುಗಿದರೂ ನಿಲ್ಲಿಸಲಿಲ್ಲ. ಗ್ರಂಥಕಾರನಿಗೆ ಆ ದನಿ ಎಲ್ಲೋ ಕೇಳಿದ ಹಾಗಿತ್ತು. ವಿಶ್ವೇಶ್ವರಯ್ಯ ನಾಲೆಯ ತುದಿಯಲ್ಲಿ, ಮದ್ದೂರು ಮಳವಳ್ಳಿಯ ಕಡೆ, ಅವನ ಸೋದರಮಾವ ಇದೇ ದನಿಯಲ್ಲಿ ನಾಲೆಯ ಮೇಲುಭಾಗದವರನ್ನು ಬೈಯುತ್ತಿದ್ದ. ಪಾಂಡವಪುರದವರು, ಶ್ರೀರಂಗಪಟ್ಟಣದವರು ಕುಡಿದು ಮಿಕ್ಕರೆ ನಮಗೆ ಎಂಬುದು ಅವನ ದಿನದ ಸುಪ್ರಭಾತ. 'ನಿಮ್ಮ ಮಾವನ್ನೇ ಪಂಚೆ ಉಡಿಸಿ ಕೂರಿಸಿದಂಗೈತೆ' ಎಂಬುದು ಪಕ್ಷಾಂತರ. ಮೇಲಿನವರು, ಕೆಳಗಿನವರು ಎಂದು ಎರಡೇ ಬಗೆ ಮಾಡಿಕೊಂಡು ತಂದಿದ್ದ ಪುಟವನ್ನು ಗ್ರಂಥಕಾರ ಅಲ್ಲಿಯೇ ಹರಿದು ಟೀ ಲೋಟದ ಕೆಳಗಿಟ್ಟ.

ಪೂಂಪುಹಾರ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕೋವಲನ್ ಕಣ್ಣಗಿಯರ ಪಟ್ಟಣ, ಚೋಳರ ಹಳೆಯ ರೇವು, ಸಮುದ್ರ ನುಂಗಿದ ಬೀದಿಗಳು ಎಂದು ಗೈಡ್ ಮತ್ತೆ ತೂಬು ತೆರೆದ. ನಾವು ಹೊಳೆ ಎಲ್ಲಿ ಎಂದು ಹುಡುಕುತ್ತಿದ್ದೆವು. ಸುಮಾರು 800 ಕಿಲೋಮೀಟರ್ ಹರಿದು, ಎರಡು ರಾಜ್ಯಗಳ ನಿದ್ದೆಗೆಡಿಸಿ, ಸಮುದ್ರಕ್ಕೆ ಬರುವ ಕಾವೇರಿ ನಮ್ಮೂರಿನ ಪಿಕಪ್ ನಾಲೆಗಿಂತ ಹೆಚ್ಚು ಅಗಲವಿರಲಿಲ್ಲ. ನೀರು ಅಲ್ಲಾಡುತ್ತಿತ್ತು, ಅದೂ ಸಮುದ್ರದ ಉಬ್ಬರದಿಂದ. ತುಲಾಮಾಸದಲ್ಲಿ ಮಾಯವರಂನಲ್ಲಿ ಜನ ಮುಳುಗೇಳುವ ಸಂಭ್ರಮ ಹೇಳುತ್ತ ಗೈಡ್, ಅದೇ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥ ಉಕ್ಕುತ್ತದಲ್ಲ, ಅದನ್ನು ನೋಡಬೇಕೆಂಬ ಆಸೆ ಇದೆ ಎಂದ. ಅಲ್ಲಿ ನದಿ ಎಷ್ಟು ದೊಡ್ಡದು ಎಂದು ಕೇಳಿದ. ಹೆಂಡತಿ ಎರಡೂ ಕೈ ಚಾಚಿ, ಆಮೇಲೆ ಸ್ವಲ್ಪ ಒಳಕ್ಕೆ ತಂದು ತೋರಿಸಿದಳು.

'ಇಷ್ಟೇ ಕಣಪ್ಪ. ಒಂದು ಕುಂಡಿಕೆ. ನಮ್ಮನೆ ಸ್ನಾನದ ಹಂಡೆಗಿಂತ ಒಂಚೂರು ದೊಡ್ಡದು.'

ಗೈಡ್ ಅವಳ ಕೈ ನೋಡಿದ, ಮುಖ ನೋಡಿದ, ಡ್ರೈವರನ ಕಡೆ ತಿರುಗಿ ನಕ್ಕುಬಿಟ್ಟ.

'ಚುಮ್ಮಾ ಸೊಲ್ಲಾದೀಂಗ ಮೇಡಂ' ಎಂದ. 'ನಾನು ಗೈಡು. ನನಗೇ ಕಥೆ ಹೇಳ್ತೀರಾ?'